ಬಾಟಲಿ ತುಂಬಿತ್ತು, ರೇಡಿಯೇಟರ್ ಖಾಲಿಯಾಗುತ್ತಿತ್ತು: ಹಳೆಯ ಕಾರೊಂದರ ಕೂಲೆಂಟ್ ಸೋರಿಕೆ

ಮೇಷ್ಟ್ರು ಗಾಡಿ ತಂದಾಗ ಬೆಳಿಗ್ಗೆ ಹತ್ತು ಗಂಟೆ. ನಾನು ಬಾನೆಟ್ ಎತ್ತುವ ಮೊದಲೇ ಅವರು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಬೆಂಚಿನ ಮೇಲಿಟ್ಟರು. "ಮೂರು ಕಡೆ ತೋರಿಸಿದೀನಪ್ಪ. ಮೂರು ಜನಾನೂ ಗಾಡಿ ನೋಡಿದ್ರು, ಇದನ್ನ ಮಾತ್ರ ಯಾರೂ ನೋಡಲಿಲ್ಲ" ಅಂದರು. ಆ ದಿನ ನಾನೂ ನೋಡಲಿಲ್ಲ. ನೋಡಿದ್ದು ಮಾರನೇ ದಿನ ಸಂಜೆ. ಮೊದಲೇ ನೋಡಿದ್ದರೆ ಎರಡು ದಿನದ ಕೆಲಸ ಉಳಿಯುತ್ತಿತ್ತು. ಅದಕ್ಕಾಗಿಯೇ ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಗಾಡಿ 2001ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, ಅಲ್ಯೂಮಿನಿಯಂ ಹೆಡ್. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರು ನಮ್ಮ ತಿಪಟೂರು, ಅರಸೀಕೆರೆ ಸುತ್ತಿನ ತೋಟದ ಮನೆಗಳಲ್ಲಿ ಇನ್ನೂ ಬಾಳುತ್ತಿದೆ. ಮೇಷ್ಟ್ರು ನಿವೃತ್ತ ಗಣಿತ ಶಿಕ್ಷಕರು. ತೋಟದಿಂದ ಪೇಟೆಗೆ 6 ಕಿ.ಮೀ. ದಿನಕ್ಕೊಮ್ಮೆ ಬಂದು, ಒಂದೆರಡು ಗಂಟೆ ಕೆಲಸ ಮುಗಿಸಿ ವಾಪಸ್ ಹೋಗುತ್ತಾರೆ. ಎರಡು ಮೂರು ತಿಂಗಳಿಗೊಂದು ದೂರದ ಪ್ರಯಾಣ. ಮೀಟರಿನಲ್ಲಿ 1,12,000 ಕಿ.ಮೀ. ಚಿಲ್ಲರೆ. ಇಂಜಿನ್ ಸದ್ದು ಕೇಳಿದರೆ ವಯಸ್ಸು ಗೊತ್ತಾಗುವುದಿಲ್ಲ, ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ಅವರು ಹೇಳಿದ ಕಥೆ ಹೀಗೆ. ನವೆಂಬರಿನಲ್ಲಿ ಲಕ್ಷದೀಪೋತ್ಸವಕ್ಕೆಂದು ಮನೆಯವರೊಡನೆ ಧರ್ಮಸ್ಥಳಕ್ಕೆ ಹೋಗಿದ್ದರು. ಹೋಗುವಾಗ ಚಾರ್ಮಾಡಿ ಇಳಿಜಾರು, ಏನೂ ತೊಂದರೆಯಾಗಲಿಲ್ಲ. ಬರುವಾಗ ಘಾಟಿಯ ಮೇಲ್ಭಾಗಕ್ಕೆ ಬರುತ್ತಿದ್ದಂತೆ ಟೆಂಪರೇಚರ್ ಮುಳ್ಳು ಏರಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ನಿಲ್ಲಿಸಿ ಇಳಿದು ಬಂದು, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲಿದ್ದ ಮೇಷ್ಟ್ರ ಮಗನ ಕೈ ಹಿಡಿದು ತಡೆದ. ಆ ಪುಣ್ಯಾತ್ಮ ಅವತ್ತು ಒಬ್ಬ ಹುಡುಗನ ಮುಖವನ್ನೇ ಉಳಿಸಿದ. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದು ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಕ್ಕಾಲು ಗಂಟೆ ಕಾದು, ಗೋಣಿತಾಟು ಹಾಕಿ ಮುಚ್ಚಳ ಸಡಿಲಿಸಿ, ಝರಿಯ ನೀರು ತುಂಬಿದರಂತೆ. ಜೊತೆಗೆ ಡ್ರೈವರ್ ತನ್ನ ಅಡುಗೆ ಡಬ್ಬಿಯಿಂದ ಒಂದು ಹಿಡಿ ಅರಿಶಿನ ಪುಡಿಯನ್ನೂ ರೇಡಿಯೇಟರಿಗೆ ಹಾಕಿದ. ಲಾರಿಯವರಲ್ಲಿ ಇದು ಹಳೆಯ ರೂಢಿ. ಪುಡಿ ನೀರಿನ ಜೊತೆ ಸುತ್ತಿ ಸಣ್ಣ ತೂತಿನಲ್ಲಿ ಕೂತರೆ ಊರು ಸೇರುವಷ್ಟು ಹೊತ್ತು ಸೋರಿಕೆ ನಿಲ್ಲುತ್ತದೆ. ಈ ಅರಿಶಿನದ ವಿಷಯ ಮುಂದೆ ಮತ್ತೆ ಬರುತ್ತದೆ.

ಊರಿಗೆ ಬಂದ ಮೇಲೆ ಮೊದಲ ಗ್ಯಾರೇಜಿನವರು ರೇಡಿಯೇಟರ್ ಮುಚ್ಚಳ ಬದಲಾಯಿಸಿದರು. ಆಮೇಲೆ ನೀರು ಕಮ್ಮಿಯಾಗುವುದು ನಿಲ್ಲಲಿಲ್ಲ, ಇನ್ನೂ ಜಾಸ್ತಿಯಾಯಿತು. ಎರಡನೆಯವರು ಹೊಸ ಮುಚ್ಚಳವೇ ಡೂಪ್ಲಿಕೇಟ್ ಎಂದು ಮತ್ತೊಂದು ಹಾಕಿ, ಮೇಲಿನ ಹೋಸನ್ನೂ ಬದಲಾಯಿಸಿದರು. ಫಲ ಸಿಗಲಿಲ್ಲ. ಮೂರನೆಯವರು ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಿದ್ದ ಬೆಣ್ಣೆಯಂಥ ಬಿಳಿ ಮೆತ್ತನ್ನು ತೋರಿಸಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, 18,000 ಆಗುತ್ತೆ" ಅಂದರು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂತು, ಉರಿಯುವ ಗ್ಯಾಸ್, ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವ ತೆಳು ಹಾಳೆ ಈ ಗ್ಯಾಸ್ಕೆಟ್. ಅಲ್ಲಿಂದ ಮೇಷ್ಟ್ರು ನನ್ನ ಬಳಿ ಬಂದರು. ಧರ್ಮಸ್ಥಳಕ್ಕೆ ಹೋಗಿ ಬಂದು ಆಗ ಐದು ವಾರವಾಗಿತ್ತು.

ಗಾಡಿಯ ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಶೆಡ್ಡಿನಲ್ಲಿ ರಾತ್ರಿ ಹಾಸಿದ ಪೇಪರ್ ಬೆಳಿಗ್ಗೆ ಒಣಗೇ ಇರುತ್ತಿತ್ತು. ಹೊರಗೆ ಕಾಣದ ಸೋರಿಕೆ ಅಂದಮೇಲೆ ಒಳಗೇ ಹೋಗುತ್ತಿರಬೇಕು, ಒಳಗೆ ಹೋಗುತ್ತಿದೆ ಅಂದಮೇಲೆ ಹೆಡ್ ಗ್ಯಾಸ್ಕೆಟ್ಟೇ ಇರಬೇಕು ಎಂಬ ತರ್ಕ ನಮ್ಮ ಕಸುಬಿನಲ್ಲಿ ಬಹಳ ಬೇಗ ಹುಟ್ಟುತ್ತದೆ. ಹಾಗಾಗಿ ಮೊದಲು ಆ ಅನುಮಾನವನ್ನೇ ತೀರಿಸಿಕೊಂಡೆ.

ಮುಚ್ಚಳದ ಕೆಳಗಿನ ಬೆಣ್ಣೆ ನಿಜವಾಗಿಯೂ ಇತ್ತು. ಆದರೆ ಆಯಿಲ್ ಕಡ್ಡಿ ಎಳೆದು ನೋಡಿದರೆ ತಿಳಿ ಕಂದು ಆಯಿಲ್, ನೊರೆಯ ಸುಳಿವೂ ಇಲ್ಲ. ಡಿಸೆಂಬರ್ ಚಳಿಯಲ್ಲಿ 6 ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಇಂಜಿನ್ ಒಳಗಿನ ತೇವ ಆವಿಯಾಗಿ ಹೊರಹೋಗದೆ, ಎಲ್ಲಕ್ಕಿಂತ ತಣ್ಣಗಿರುವ ಆ ಮುಚ್ಚಳದ ಅಡಿ ಬಂದು ಕೂತು ಆಯಿಲ್ ಜೊತೆ ಸೇರಿ ಬೆಣ್ಣೆಯಾಗುತ್ತದೆ. ಬೆಳಗಿನ ಬಿಳಿ ಹೊಗೆಯೂ ಹಾಗೆಯೇ: ಸೈಲೆನ್ಸರಿನೊಳಗೆ ರಾತ್ರಿ ನಿಂತ ತೇವ. ಐದು ನಿಮಿಷದಲ್ಲಿ ಹೋಗಿಬಿಟ್ಟಿತು. ಗ್ಯಾಸ್ಕೆಟ್ ಹೋಗಿ ಕೂಲೆಂಟ್ (ಇಂಜಿನ್ನಿನ ಶಾಖ ಹೊತ್ತೊಯ್ಯುವ ದ್ರವ) ಸುಡುತ್ತಿದ್ದರೆ ಇಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲುವುದಿಲ್ಲ, ಅದರಲ್ಲೊಂದು ಸಿಹಿ ವಾಸನೆಯೂ ಇರುತ್ತದೆ.

ಮೂಗನ್ನು ನಂಬಿ ಹೆಡ್ ಇಳಿಸುವಂತಿಲ್ಲ, ಇಳಿಸದೆ ಬಿಡುವಂತೆಯೂ ಇಲ್ಲ. ತುಮಕೂರಿನ ಗೆಳೆಯನಿಂದ ಬ್ಲಾಕ್ ಟೆಸ್ಟರ್ ತರಿಸಿದೆ. ರೇಡಿಯೇಟರ್ ಬಾಯಿಗೆ ಒತ್ತಿ ಹಿಡಿದು, ಒಳಗಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಉಪಕರಣ ಅದು. ಸಿಲಿಂಡರಿನಲ್ಲಿ ಉರಿದ ಗ್ಯಾಸ್ ನೀರಿನೊಳಗೆ ನುಗ್ಗುತ್ತಿದ್ದರೆ ಅದರಲ್ಲಿನ ಕಾರ್ಬನ್ ಡೈಆಕ್ಸೈಡ್ ತಾಗಿ ನೀಲಿ ಹಳದಿಗೆ ತಿರುಗುತ್ತದೆ. ಹತ್ತು ನಿಮಿಷ ರೇಸ್ ಕೊಟ್ಟು ನೋಡಿದರೂ ನೀಲಿ ನೀಲಿಯಾಗಿಯೇ ಇತ್ತು. ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತುವ ಒತ್ತಡ, ನೋಡಿದೆ: 156, 152, 155 ಪಿಎಸ್‌ಐ. ಇಷ್ಟು ವಯಸ್ಸಾದ ಇಂಜಿನ್ನಿಗೆ ಇದು ಒಳ್ಳೆಯ ಲೆಕ್ಕ. ಮುಖ್ಯವಾಗಿ ಮೂರೂ ಹತ್ತಿರ ಹತ್ತಿರ ಇವೆ. ಗ್ಯಾಸ್ಕೆಟ್ ಎಲ್ಲೋ ಬಿಟ್ಟಿದ್ದರೆ ಒಂದು ಸಿಲಿಂಡರ್, ಅಥವಾ ಅಕ್ಕಪಕ್ಕದ ಎರಡು, ಎದ್ದು ಕಾಣುವಷ್ಟು ಕಮ್ಮಿ ಬರುತ್ತಿದ್ದವು. ಹೆಡ್ ಮುಟ್ಟುವ ಅಗತ್ಯವಿಲ್ಲ ಎಂದು ಆಗಲೇ ಹೇಳಿದೆ. ಮೇಷ್ಟ್ರು ಒಂದು ಉಸಿರು ಬಿಟ್ಟು, "ಹಂಗಾದ್ರೆ ನೀರು ಎಲ್ಲಿಗೆ ಹೋಗ್ತಿದೆ?" ಅಂದರು.

ಪ್ರೆಶರ್ ಟೆಸ್ಟರ್ ಹಾಕಿದೆ. ಮುಚ್ಚಳದ ಜಾಗಕ್ಕೆ ಕೂರುವ ಕೈಪಂಪು, ಅದಕ್ಕೊಂದು ಗೇಜ್. ಈ ಗಾಡಿಯ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿದೆ. ಅಂದರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ 0.9 ಬಾರ್‌ನಷ್ಟು, ಸುಮಾರು 13 ಪಿಎಸ್‌ಐ, ಹೆಚ್ಚಾಗುವವರೆಗೆ ಮುಚ್ಚಳ ತಡೆದು ಹಿಡಿಯಬೇಕು. ಕಂಪ್ರೆಷನ್ ನೋಡಿ ಮುಗಿಸಿದ್ದ ಇಂಜಿನ್ ಇನ್ನೂ ಬಿಸಿಯಿತ್ತು. 0.9ರವರೆಗೆ ಪಂಪು ಹೊಡೆದು ಹದಿನೈದು ನಿಮಿಷ ಕಾದೆ. ಮುಳ್ಳು ಅಲುಗಲಿಲ್ಲ. ಸೋರಿಕೆಯೇ ಇಲ್ಲ ಎಂದುಕೊಂಡೆ. ನಾನು ತಪ್ಪಿದ್ದು ಇಲ್ಲೇ. ಟೆಸ್ಟ್ ತಪ್ಪಿರಲಿಲ್ಲ, ಮಾಡಿದ ಹೊತ್ತು ತಪ್ಪಿತ್ತು. ಅದು ಆಗ ಹೊಳೆಯಲಿಲ್ಲ.

ಸಂಜೆ ಗಾಡಿಯನ್ನು ಇಪ್ಪತ್ತು ನಿಮಿಷ ಓಡಿಸಿ ತಂದು ಗ್ಯಾರೇಜಿನಲ್ಲೇ ನಿಲ್ಲಿಸಿಕೊಂಡೆ. ಹೊರಡುವ ಮೊದಲು ರೇಡಿಯೇಟರನ್ನು ಕತ್ತಿನವರೆಗೂ, ಅದಕ್ಕೆ ಕೊಳವೆಯಿಂದ ಸೇರಿರುವ ಹೆಚ್ಚುವರಿ ನೀರಿನ ಬಾಟಲಿಯನ್ನು ಮೇಲಿನ ಗೆರೆಯವರೆಗೂ ತುಂಬಿಸಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಬಾಟಲಿಯ ಮಟ್ಟ ಗೆರೆಯಲ್ಲೇ ಇತ್ತು. ರೇಡಿಯೇಟರ್ ಮುಚ್ಚಳ ತೆಗೆದೆ, ಒಳಗೆ ನೀರು ಇಳಿದಿತ್ತು. ಅಳತೆ ಲೋಟದಿಂದ ತುಂಬಿದಾಗ 60 ಮಿ.ಲೀ. ಹಿಡಿಯಿತು.

ಬಾಟಲಿ ತುಂಬಿದ್ದು ರೇಡಿಯೇಟರ್ ಇಳಿದಿದೆ ಅಂದರೆ ಅದೇ ಒಂದು ದೊಡ್ಡ ಸುಳಿವು. ಮುಚ್ಚಳದಲ್ಲಿ ಎರಡು ವಾಲ್ವ್ ಇರುತ್ತವೆ. ಬಿಸಿಯಾಗಿ ಹಿಗ್ಗಿದ ನೀರನ್ನು ಬಾಟಲಿಗೆ ತಳ್ಳುವುದು ಒಂದು. ತಣ್ಣಗಾಗಿ ಕುಗ್ಗಿದಾಗ ಅದೇ ನೀರನ್ನು ವಾಪಸ್ ಎಳೆದುಕೊಳ್ಳುವುದು ಇನ್ನೊಂದು. ವ್ಯವಸ್ಥೆ ಗಟ್ಟಿಯಾಗಿದ್ದರೆ ಕಮ್ಮಿಯಾದದ್ದೆಲ್ಲ ಬಾಟಲಿಯಲ್ಲೇ ಕಾಣಬೇಕು. ಎಲ್ಲೋ ಒಂದು ಸಣ್ಣ ತೂತಿದ್ದರೆ ತಣ್ಣಗಾಗುವಾಗ ಬಾಟಲಿಯ ನೀರಿನ ಬದಲು ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ, ಅದಕ್ಕೆ ಅದೇ ಸುಲಭದ ದಾರಿ. ಬಾಟಲಿಯನ್ನಷ್ಟೇ ನೋಡುವವರಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಇಂಜಿನ್ ಒಳಗೆ ಮಾತ್ರ ಗಾಳಿ ಸೇರುತ್ತಾ ಹೋಗುತ್ತದೆ. ಇನ್ನೊಂದು ಅಪಾಯವನ್ನೂ ಇಲ್ಲೇ ಹೇಳಬೇಕು: ನೀರು ಸೆನ್ಸರಿಗಿಂತ ಕೆಳಗೆ ಇಳಿದರೆ ಸೆನ್ಸರ್ ಗಾಳಿಯಲ್ಲಿ ನಿಲ್ಲುತ್ತದೆ, ಆಗ ಮುಳ್ಳು ಸರಿಯಾದ ಶಾಖ ತೋರಿಸುವುದಿಲ್ಲ. ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಇಂಜಿನ್ ತಂಪಾಯಿತು ಎಂದು ಸಮಾಧಾನಪಡದೆ ಅಲ್ಲೇ ಗಾಡಿ ನಿಲ್ಲಿಸಬೇಕು.

ಹಾಗಾದರೆ ಸೋರಿಕೆ ಇರುವುದು ನಿಜ. ಎರಡನೇ ದಿನ ಯುವಿ ಟಾರ್ಚ್ ಹಿಡಿದೆ. ಸೋರಿದ ಜಾಗ ಯುವಿ ಬೆಳಕಿನಲ್ಲಿ ಹೊಳೆದು ಕಾಣಲೆಂದು ನೀರಿಗೆ ಬೆರೆಸುವ ಬಣ್ಣ, ಅಂದರೆ ಡೈ, ಹಾಕುವ ಮೊದಲು ಸುಮ್ಮನೆ ಒಮ್ಮೆ ಶಟರ್ ಎಳೆದು ಕತ್ತಲು ಮಾಡಿ ಬೆಳಕು ಬಿಟ್ಟರೆ ಬಾಟಲಿಯ ಬಾಯಿ, ಮೇಲಿನ ಹೋಸಿನ ತುದಿ, ರೇಡಿಯೇಟರಿನ ಕತ್ತು, ಎಲ್ಲ ಕಡೆ ಮಂಕಾದ ಹಳದಿ ಹೊಳಪು. ನನ್ನ ಜೊತೆ ಇರುವ ಐಟಿಐ ಮುಗಿಸಿದ ಹುಡುಗ, "ಅಣ್ಣಾ, ಎಲ್ಲಾ ಕಡೆ ಲೀಕು!" ಅಂದ. ಬಾಟಲಿಯ ತಳದ ಕೆಸರನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದೆ. ಬೆರಳ ತುದಿ ಹಬ್ಬದ ದಿನದ ಹೊಸಿಲಿನ ಬಣ್ಣಕ್ಕೆ ತಿರುಗಿತು. ಚಾರ್ಮಾಡಿಯ ಅರಿಶಿನ ಅದು. ಅರಿಶಿನಕ್ಕೂ ಯುವಿ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುವ ಗುಣವಿದೆ. ಕೆಲವು ಹಸಿರು ಕೂಲೆಂಟುಗಳಿಗೂ ಇದೆ. ಮೊದಲು ಒಳಗಿರುವುದನ್ನು ತೊಳೆಯದೆ ಡೈ ಹಾಕಿದ್ದರೆ ಯಾವುದು ಯಾವುದು ಎಂದೇ ತಿಳಿಯುತ್ತಿರಲಿಲ್ಲ.

ಕೆಳಗಿನ ಹೋಸ್ ಬಿಚ್ಚಿ ಎಲ್ಲ ನೀರನ್ನೂ ಬಕೆಟ್ಟಿಗೆ ಇಳಿಸಿದೆ. ಬಂದದ್ದು ಕೂಲೆಂಟ್ ಎನ್ನುವ ಹಾಗಿರಲಿಲ್ಲ, ಕಲಗಚ್ಚಿನ ಬಣ್ಣದ ನೀರು. ನಾಲ್ಕು ಸಲ ತುಂಬಿ, ಇಂಜಿನ್ ಬಿಸಿ ಮಾಡಿ, ಇಳಿಸಿದ ಮೇಲೆ ತಿಳಿಯಾಯಿತು. ಇಳಿಸಿದ ನೀರನ್ನು ಮುಚ್ಚಳವಿರುವ ಕ್ಯಾನಿಗೆ ಹಾಕಿಟ್ಟೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಕಿಡ್ನಿಗೆ ವಿಷ. ಗ್ಯಾರೇಜಿನ ಮುಂದೆ ಮಲಗುವ ಬೀದಿನಾಯಿಗಳು ಬಕೆಟ್ಟಿಗೆ ಬಾಯಿ ಹಾಕಿದರೆ ಉಳಿಯುವುದು ಕಷ್ಟ.

ಆಮೇಲೆ ಡೈ ಬೆರೆಸಿ, ಹೊರಭಾಗವನ್ನೆಲ್ಲ ನೀರು ಹಾಯಿಸಿ ತೊಳೆದು, ಗಾಡಿ ಓಡಿಸಿ ತಂದು ಬಿಸಿಯಿರುವಾಗಲೇ ಹುಡುಕಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಒಣಗಿತ್ತು. ಪಂಪಿನ ಸೀಲ್ ಹೋದರೆ ನೀರು ಮೊದಲು ಕಾಣುವುದು ಅಲ್ಲೇ. ಥರ್ಮೋಸ್ಟಾಟ್ ಮನೆಯ ಸುತ್ತ ಒಣಗಿತ್ತು. ಕಾರಿನೊಳಗೆ ಮುಂದಿನ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿದೆ. ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರ್, ಸೋರಿದರೆ ಕಾರ್ಪೆಟ್ ಒದ್ದೆಯಾಗುತ್ತದೆ, ಗಾಜಿನ ಒಳಮೈಗೆ ಜಿಡ್ಡು ಮಂಜು ಕಟ್ಟುತ್ತದೆ. ಅದೂ ಇಲ್ಲ. ಸಂಜೆ ಆರಾಯಿತು, ಹುಡುಗ ಚಹಾ ತಂದ. ಕೂರುವುದಕ್ಕೆ ಬೆಂಚಿನ ಮೇಲಿದ್ದದ್ದನ್ನು ಸರಿಸುವಾಗ ನೋಟ್‌ಬುಕ್ ಕೈಗೆ ಸಿಕ್ಕಿತು.

ಗೆರೆ ಎಳೆದ ಪುಟಗಳು. ಎಡಕ್ಕೆ ತಾರೀಖು, ನಡುವೆ ಹೋದ ಊರು ಮತ್ತು ಕಿ.ಮೀ., ಬಲಕ್ಕೆ ರೇಡಿಯೇಟರಿಗೆ ಹಾಕಿದ ನೀರು, ಮಿ.ಲೀ. ಲೆಕ್ಕದಲ್ಲಿ. ಮುಚ್ಚಳ ಬದಲಿಸಿದ ದಿನಕ್ಕೆ ಕೆಂಪು ಗೆರೆ. ಆ ಗೆರೆಯ ಹಿಂದಿನ ಪುಟಗಳಲ್ಲಿ ಪೇಟೆಗೆ ಬಂದು ಹೋದ ದಿನಗಳ ಎದುರು ನೀರು ಹೆಚ್ಚುಕಮ್ಮಿ ಸೊನ್ನೆ. ಹಾಸನಕ್ಕೆ ಹೋದ ದಿನ 300, ಧರ್ಮಸ್ಥಳದ ದಿನ ಒಂದು ಲೀಟರ್ ಮೇಲೆ. ಗೆರೆಯ ಮುಂದಿನ ಪುಟಗಳಲ್ಲಿ ಎಲ್ಲ ತಿರುವುಮುರುವು. ಆರು ದಿನ ಪೇಟೆಗೆ ಬಂದ ಒಂದು ವಾರ, ಒಟ್ಟು 72 ಕಿ.ಮೀ.: 650 ಮಿ.ಲೀ. ಬೆಂಗಳೂರಿಗೆ ಒಂದೇ ಸಲ ಹೋಗಿಬಂದ ವಾರ, 280 ಕಿ.ಮೀ.: 120 ಮಿ.ಲೀ. ಜ್ವರ ಬಂದು ಗಾಡಿ ತೆಗೆಯದ ವಾರ: 0.

ಎರಡು ಸಲ ಓದಿದೆ. ಕಿ.ಮೀ. ಜೊತೆ ನೀರಿನ ಲೆಕ್ಕ ತಾಳೆಯಾಗುತ್ತಿಲ್ಲ. ಹಾಗಾದರೆ ಯಾವುದರ ಜೊತೆ? ಪೇಟೆಗೆ ಬಂದು ಹೋದರೆ ದಿನಕ್ಕೆ ಎರಡು ಸಲ ಇಂಜಿನ್ ಬಿಸಿಯಾಗಿ ತಣ್ಣಗಾಗುತ್ತದೆ. ಆರು ದಿನಕ್ಕೆ ಹನ್ನೆರಡು ಸಲ. 650ನ್ನು 12ರಿಂದ ಭಾಗಿಸಿದರೆ 54. ಬೆಂಗಳೂರಿಗೆ ಹೋಗಿ ಒಂದು ಸಲ, ಬಂದು ಒಂದು ಸಲ, ಒಟ್ಟು ಎರಡು. 120ನ್ನು 2ರಿಂದ ಭಾಗಿಸಿದರೆ 60. ನನ್ನ ಗ್ಯಾರೇಜಿನಲ್ಲಿ ಒಂದು ರಾತ್ರಿಗೆ ಹೋದದ್ದೂ 60.

ನೀರು ಹೋಗುತ್ತಿದ್ದದ್ದು ಗಾಡಿ ಓಡುವಾಗ ಅಲ್ಲ, ನಿಲ್ಲಿಸಿದ ಮೇಲೆ ತಣ್ಣಗಾಗುವ ಆ ಒಂದು ಗಂಟೆಯಲ್ಲಿ. ಆಗ ಲೋಹ, ರಬ್ಬರ್ ಎರಡೂ ಕುಗ್ಗುತ್ತಿರುತ್ತವೆ, ಒಳಗಿನ ಒತ್ತಡ ಮಾತ್ರ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಬಿಸಿ ಇಂಜಿನ್ನಿಗೆ ಟೆಸ್ಟರ್ ಹಾಕಿ "ಸೋರಿಕೆ ಇಲ್ಲ" ಎಂದ ನಾನು, ಅದು ಗಟ್ಟಿಯಾಗಿ ಮುಚ್ಚಿಕೊಂಡಿರುವ ಹೊತ್ತನ್ನೇ ಆರಿಸಿಕೊಂಡಿದ್ದೆ. ಹೆಡ್ ಗ್ಯಾಸ್ಕೆಟ್ ಆಗಿದ್ದರೆ ಲೆಕ್ಕ ಹೀಗೆ ಬರುತ್ತಲೇ ಇರಲಿಲ್ಲ. ಅದು ಓಡಿದಷ್ಟೂ, ಇಂಜಿನ್ ಮೇಲೆ ಭಾರ ಬಿದ್ದಷ್ಟೂ ನೀರು ತಿನ್ನುತ್ತದೆ. 280 ಕಿ.ಮೀ. ಓಡಿದ ವಾರಕ್ಕೆ 120 ಮಿ.ಲೀ. ಸಾಕಾಗುತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆರಕ್ಕೇ ಬಂದು ಶಟರ್ ಎಳೆದುಕೊಂಡೆ. ಇಂಜಿನ್ ಮೇಲೆ ಕೈಯಿಟ್ಟರೆ ತಣ್ಣನೆಯ ಕಬ್ಬಿಣ. ಟೆಸ್ಟರ್ ಹಾಕಿ 0.9ಕ್ಕೆ ಏರಿಸಿದೆ. ಹತ್ತು ನಿಮಿಷದಲ್ಲಿ ಮುಳ್ಳು 0.6ಕ್ಕೆ ಬಂತು. ಯುವಿ ಟಾರ್ಚ್ ಬಿಟ್ಟರೆ, ಗೇರ್‌ಬಾಕ್ಸ್ ಇಂಜಿನ್ನಿಗೆ ಕೂಡುವಲ್ಲಿನ ಮೇಲಿನ ತಗ್ಗಿನಲ್ಲಿ, ಆಯಿಲ್ ಮತ್ತು ಧೂಳು ಸೇರಿ ಕಟ್ಟಿದ್ದ ಕಪ್ಪು ಹೆಂಟೆಯ ಮೇಲೆ ಅಂಗೈಯಗಲದ ಹಸಿರು ಹೊಳಪು. ಕೆಳಗೆ ಹನಿ ಯಾಕೆ ಬೀಳುತ್ತಿರಲಿಲ್ಲ ಎಂಬುದು ತಕ್ಷಣ ಅರ್ಥವಾಯಿತು. ಬಿದ್ದ ನೀರನ್ನು ಆ ಹೆಂಟೆ ಹೀರಿಕೊಳ್ಳುತ್ತಿತ್ತು, ಮಾರನೇ ದಿನದ ಬಿಸಿಗೆ ಅದು ಒಣಗುತ್ತಿತ್ತು. ಹೊಳಪಿರುವ ಜಾಗ ಸೋರುವ ಜಾಗವಲ್ಲ, ನೀರು ಬಂದು ನಿಲ್ಲುವ ಜಾಗ. ಅಲ್ಲಿಂದ ಮೇಲಕ್ಕೆ ಹೋಗಬೇಕು. ಸಣ್ಣ ಕನ್ನಡಿ ಹಿಡಿದು ಹೊಳೆಯುವ ಗೆರೆಯ ಜಾಡು ಹಿಡಿದೆ. ಬ್ಲಾಕಿನ ಮಗ್ಗುಲಲ್ಲಿ ಹಾದು ವಾಟರ್ ಪಂಪಿಗೆ ನೀರು ಒಯ್ಯುವ ಕಬ್ಬಿಣದ ಪೈಪಿದೆ. ಹೀಟರಿನಿಂದ ವಾಪಸ್ ಬರುವ ಹೋಸ್ ಕೂಡುವುದೂ ಅದಕ್ಕೇ. ಆ ಕೂಡುವ ಕಡೆ, ಕ್ಲಿಪ್ಪಿನ ಕೆಳತುದಿಯಲ್ಲಿ, ಕನ್ನಡಿಯಲ್ಲಿ ತಲೆಕೆಳಗಾಗಿ ಒಂದು ಹಸಿರು ಹನಿ ಕಂಡಿತು. ಅದು ದಪ್ಪವಾಗಿ, ನಡುಗಿ, ಬಿತ್ತು. ಎಣಿಸಿದೆ: ಎಂಟು ಒಂಬತ್ತು ಸೆಕೆಂಡಿಗೆ ಒಂದು.

ಆಗ ಇನ್ನೊಂದು ಪರೀಕ್ಷೆ ಮಾಡಿದೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಇದೇ. ಮೇಷ್ಟ್ರು ಹಳೆಯ ಮುಚ್ಚಳವನ್ನು ಎಸೆದಿರಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದರು. ಟೆಸ್ಟರಿಗೆ ಅಡಾಪ್ಟರ್ ಹಾಕಿ ಅದನ್ನು ಪರೀಕ್ಷಿಸಿದೆ. 0.3ಕ್ಕೇ ಬಾಯಿ ಬಿಟ್ಟಿತು. ಈಗ ಗಾಡಿಗೆ ತಣ್ಣಗಿರುವಾಗಲೇ 0.3ರಷ್ಟು ಮಾತ್ರ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟೆ. ಮುಳ್ಳು ನಿಂತಲ್ಲೇ ನಿಂತಿತು, ಕನ್ನಡಿಯಲ್ಲಿ ಹನಿಯಿಲ್ಲ.

ಎರಡು ಪುಟಗಳ ತಿರುವುಮುರುವು ಅಲ್ಲಿಗೆ ಬಿಡಿಸಿತು. ಮೊದಲ ಕಾಯಿಲೆ ನಿಜಕ್ಕೂ ಮುಚ್ಚಳದ್ದೇ. ಸ್ಪ್ರಿಂಗ್ ಸೋತ ಮುಚ್ಚಳ 0.3ಕ್ಕೆ ಬಿಟ್ಟುಕೊಡುತ್ತಿತ್ತು. ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.3ರ ಮುಚ್ಚಳ ಅದನ್ನು 105ರ ಸುಮಾರಿಗೆ ಏರಿಸಬಲ್ಲದು, ಸರಿಯಾದ 0.9ರದ್ದಾದರೆ 117ರ ಸುಮಾರಿಗೆ. ಘಾಟಿ ಏರುವ ಇಂಜಿನ್ನಿಗೆ ಆ ಹನ್ನೆರಡು ಡಿಗ್ರಿಯೇ ಬದುಕು. ಅದು ಇಲ್ಲದ್ದರಿಂದ ಚಾರ್ಮಾಡಿಯಲ್ಲಿ ನೀರು ಕುದಿದು ಬಾಟಲಿಯ ಮೂಲಕ ಹೊರಗೆ ಹೋಯಿತು. ಮೊದಲ ಗ್ಯಾರೇಜಿನವರು ಮಾಡಿದ ಕೆಲಸ ಸರಿಯಾಗಿಯೇ ಇತ್ತು. ಆದರೆ ಹೊಸ ಮುಚ್ಚಳ ಒತ್ತಡವನ್ನು ಪೂರ್ತಿ 0.9ಕ್ಕೆ ಏರಿಸಿತು. ವರ್ಷಗಟ್ಟಲೆ 0.3ರಲ್ಲೇ ಹೇಗೋ ತಡೆದುಕೊಂಡಿದ್ದ ಪೈಪಿನ ಕೂಡು ಆ ಭಾರಕ್ಕೆ ಬಾಯಿಬಿಟ್ಟಿತು. ಒಂದನ್ನು ಸರಿಮಾಡಿದ್ದರಿಂದಲೇ ಇನ್ನೊಂದು ಹೊರಬಂದಿತು. ಸಾಲದ್ದಕ್ಕೆ ಎರಡನ್ನೂ ನೋಡಿದವರು ಅದು ಒಂದೇ ಸೋರಿಕೆ ಎಂದುಕೊಂಡರು.

ಕ್ಲಿಪ್ ಬಿಚ್ಚಿ ಹೋಸನ್ನು ನಿಧಾನವಾಗಿ ತಿರುಚಿ ಎಳೆದೆ. ರಬ್ಬರ್ ಹಲಗೆಯಂತೆ ಗಟ್ಟಿಯಾಗಿತ್ತು. ಕ್ಲಿಪ್ಪನ್ನು ಯಾರೋ ಮೇಲಿಂದ ಮೇಲೆ ಬಿಗಿದು ಬಿಗಿದು ಅದರ ಹಲ್ಲು ರಬ್ಬರಿನೊಳಗೆ ಇಳಿದಿತ್ತು. ಪೈಪಿನ ಹೊರಮೈ, ಹೋಸ್ ಮುಚ್ಚದ ಕಡೆ, ಇನ್ನೂ ಬಣ್ಣ ಉಳಿಸಿಕೊಂಡು ಚೆನ್ನಾಗಿಯೇ ಕಾಣುತ್ತಿತ್ತು. ಹೋಸಿನ ಅಡಿಯಲ್ಲಿದ್ದ ಎರಡು ಸೆಂಟಿಮೀಟರ್ ಮಾತ್ರ ಸಿಡುಬು ಎದ್ದ ಮೈಯಂತೆ ಕುಳಿ ಕುಳಿ. ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದ ಚೂರಿನಂತೆ ಉದುರಿತು. ಬಿಸಿಯಾದಾಗ ಪೈಪು ಹಿಗ್ಗಿ, ರಬ್ಬರ್ ಕೊಂಚ ಮೆದುವಾಗಿ ಆ ಕುಳಿಗಳನ್ನು ತುಂಬಿಕೊಳ್ಳುತ್ತಿತ್ತು. ತಣ್ಣಗಾದ ಕೂಡಲೇ ಕುಳಿಗಳೆಲ್ಲ ಕಾಲುವೆಗಳಾಗುತ್ತಿದ್ದವು.

ಮೇಷ್ಟ್ರಿಗೆ ಫೋನ್ ಮಾಡಿ ಬರಹೇಳಿದೆ. ಪೈಪಿನ ತುದಿ ತೋರಿಸಿ, ರೇಡಿಯೇಟರಿಗೆ ಇಷ್ಟು ವರ್ಷ ಯಾವ ನೀರು ಹಾಕುತ್ತಿದ್ದಿರಿ ಎಂದು ಕೇಳಿದೆ. "ತೋಟದ ಬೋರ್ ನೀರು. ಕೂಲೆಂಟ್ ಯಾಕೆ, ನಮ್ಮಲ್ಲೇನು ಹಿಮ ಬೀಳುತ್ತಾ?" ಅಂದರು. ಬಹಳ ಜನ ಹೀಗೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬರೀ ನೀರು ಶಾಖ ಹೊತ್ತೊಯ್ಯುವುದರಲ್ಲಿ ಕೂಲೆಂಟಿಗಿಂತ ಕಮ್ಮಿಯೇನಲ್ಲ, ಸ್ವಲ್ಪ ಹೆಚ್ಚೇ. ಆದರೆ ಒಳಗೆ ಅಲ್ಯೂಮಿನಿಯಂ, ಕಬ್ಬಿಣ, ಬೆಸುಗೆ, ರಬ್ಬರ್ ಎಲ್ಲ ಒಂದೇ ನೀರಿನಲ್ಲಿ ಮುಳುಗಿವೆ. ಬೇರೆ ಬೇರೆ ಲೋಹಗಳು ಉಪ್ಪಿನಂಶದ ನೀರಿನಲ್ಲಿ ಜೊತೆಗಿದ್ದರೆ ಒಂದು ಇನ್ನೊಂದನ್ನು ತಿನ್ನಲು ಶುರುಮಾಡುತ್ತದೆ. ಕೂಲೆಂಟಿನಲ್ಲಿ ಇದನ್ನು ತಡೆಯುವ ತುಕ್ಕುನಿರೋಧಕಗಳು ಇರುತ್ತವೆ. ನಮ್ಮ ಊರಿಗೆ ಕೂಲೆಂಟ್ ಬೇಕಾಗಿರುವುದು ಮೊದಲು ಅದಕ್ಕಾಗಿ. ಅರ್ಧಕ್ಕರ್ಧ ಬೆರೆಸಿದಾಗ ಮುಚ್ಚಳದ ಒತ್ತಡವಿಲ್ಲದೆಯೇ ಕುದಿಯುವ ಬಿಂದು 107 ಡಿಗ್ರಿಯ ಸುಮಾರಿಗೆ ಏರುವುದು ಮೇಲಿನ ಲಾಭ. ಬೋರ್ ನೀರಿನ ಗಡಸುತನದ ಬಗ್ಗೆ ಅವರಿಗೆ ನಾನು ಹೇಳಬೇಕಾಗಲಿಲ್ಲ. ಅವರ ಮನೆಯ ಸೋಲಾರ್ ಪೈಪಿನಲ್ಲಿ ವರ್ಷಕ್ಕೊಮ್ಮೆ ಸುಣ್ಣ ಕಟ್ಟುತ್ತದೆ. ಅದೇ ಸುಣ್ಣ ಇಂಜಿನ್ ಒಳಗೂ ಕಟ್ಟಿತ್ತು. ನೀರು ಕಮ್ಮಿಯಾಯಿತೆಂದು ವಾರ ವಾರ ಬೋರ್ ನೀರು ಸೇರಿಸಿದಷ್ಟೂ ಹೊಸ ಉಪ್ಪು, ಹೊಸ ಸುಣ್ಣ ಒಳಗೆ ಹೋಗುತ್ತಿತ್ತು. ಗಾಡಿ ತಯಾರಿಸಿದವರ ತಪ್ಪು ಇದರಲ್ಲಿಲ್ಲ. ಈ ನೀರಿನಲ್ಲಿ ಇಷ್ಟು ವರ್ಷ ಬಾಳಿದ ಪೈಪು ತನ್ನ ಕೆಲಸ ಮಾಡಿಯೇ ಹೋಗಿದೆ.

ಪೈಪಿನ ತುದಿಗೆ ಗ್ಯಾಸ್ ವೆಲ್ಡಿಂಗ್ ಮಾಡಿಸಬಹುದಾ ಎಂದು ಕೇಳಿದರು. ಬೇಡ ಅಂದೆ. ಕುಳಿ ಬಿದ್ದ ತೆಳು ತಗಡಿಗೆ ಬೆಂಕಿ ತೋರಿಸಿದರೆ ಪಕ್ಕದಲ್ಲೇ ಇನ್ನೊಂದು ತೂತು. ತಿಪಟೂರಿನಲ್ಲಿ ಹೊಸ ಪೈಪ್ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ತರಿಸಲು ಎರಡು ದಿನ ಹಿಡಿಯಿತು. ಪೈಪಿನ ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಕೂತಿತ್ತು. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೆಳಿಗ್ಗೆ ಅರ್ಧ ಸುತ್ತು ಬಿಗಿ, ಕಾಲು ಸುತ್ತು ಸಡಿಲ ಎಂದು ಹಿಂದೆ ಮುಂದೆ ಆಡಿಸಿ ಮುರಿಯದೆ ತೆಗೆದೆ. ಅದು ಬ್ಲಾಕಿನಲ್ಲಿ ಮುರಿದಿದ್ದರೆ ಒಂದು ದಿನದ ಕೆಲಸ ಮೂರು ದಿನವಾಗುತ್ತಿತ್ತು. ಪೈಪ್ ಜೊತೆಗೆ ಹೀಟರಿನ ಎರಡೂ ಹೋಸ್, ಕೆಳಗಿನ ಹೋಸ್, ಎಲ್ಲ ಕ್ಲಿಪ್, ಪಂಪಿಗೆ ಕೂಡುವಲ್ಲಿನ ಸೀಲು ಹೊಸದು ಹಾಕಿದೆ. ಮೇಲಿನ ಹೋಸ್ ಮತ್ತು ಮುಚ್ಚಳ ಈಗಾಗಲೇ ಹೊಸದಿದ್ದವು, ಪರೀಕ್ಷಿಸಿ ಹಾಗೇ ಬಿಟ್ಟೆ.

ತುಂಬುವುದರಲ್ಲೂ ಅವಸರ ಕೂಡದು. ಕೂಲೆಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಅರ್ಧಕ್ಕರ್ಧ ಬೆರೆಸಿ, ಗಾಡಿಯ ಮೂತಿ ಕೊಂಚ ಎತ್ತರದಲ್ಲಿರುವಂತೆ ನಿಲ್ಲಿಸಿ, ಹೀಟರ್ ಲಿವರ್ ಪೂರ್ತಿ ಬಿಸಿಯ ಕಡೆಗೆ ತಳ್ಳಿ, ತೆಳುವಾಗಿ ಧಾರೆ ಹಿಡಿದು ತುಂಬಿದೆ. ಮುಚ್ಚಳ ತೆರೆದಿಟ್ಟೇ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನು ಆಗಾಗ ಹಿಂಡುತ್ತಾ ಗುಳ್ಳೆ ಬರುವುದು ನಿಲ್ಲುವವರೆಗೆ ಕಾದೆ, ಮಟ್ಟ ಇಳಿದಂತೆಲ್ಲ ತುಂಬಿದೆ. ಆಮೇಲೆ ಮುಚ್ಚಳ ಹಾಕಿ ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವುದನ್ನು ನೋಡಿದೆ. ಗಾಡಿ ರಾತ್ರಿ ನನ್ನಲ್ಲೇ ಉಳಿಯಿತು. ಬೆಳಿಗ್ಗೆ ಆರಕ್ಕೆ, ತಣ್ಣನೆಯ ಇಂಜಿನ್ನಿಗೆ 0.9. ಅರ್ಧ ಗಂಟೆ ಕಾದರೂ ಮುಳ್ಳು ಇಳಿಯಲಿಲ್ಲ. ಈಗ ನಾನು ಯಾವ ಗಾಡಿಗೂ ಬಿಸಿಯಿರುವಾಗ ಮಾತ್ರ ಟೆಸ್ಟ್ ಮಾಡಿ ಕಳಿಸುವುದಿಲ್ಲ. ಸೋರಿಕೆಯ ಅನುಮಾನ ಇದ್ದರೆ ಗಾಡಿ ಒಂದು ರಾತ್ರಿ ಇಲ್ಲಿ ಮಲಗಲೇಬೇಕು.

ಬಿಲ್ 3,850 ರೂಪಾಯಿ ಆಯಿತು. ಹಳೆಯ ಪೈಪನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮೇಷ್ಟ್ರಿಗೆ ತೋರಿಸಿದೆ. ಒಳಗೆ ಕಂದು ತುಕ್ಕು, ಅದರ ಮೇಲೆ ಸುಣ್ಣದ ಪದರ. ತಗಡು ಹೊಸದರ ಅರ್ಧದಷ್ಟೂ ದಪ್ಪ ಉಳಿದಿರಲಿಲ್ಲ. ಒಂದು ಸೀಳನ್ನು ಅವರು ತೆಗೆದುಕೊಂಡು ಹೋದರು, ಇನ್ನೊಂದು ನನ್ನ ಗೋಡೆಯ ಮೊಳೆಯಲ್ಲಿದೆ. ಹಳೆಯ ಗಾಡಿ ತಂದು "ನೀರು ಕಮ್ಮಿ ಆಗ್ತಿದೆ" ಎನ್ನುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಆಮೇಲೆ ದಿನಕ್ಕೆ ಎಷ್ಟು ಸಲ ಗಾಡಿ ಸ್ಟಾರ್ಟ್ ಮಾಡುತ್ತೀರಿ ಎಂದು ಕೇಳುತ್ತೇನೆ.

ಫೆಬ್ರವರಿಯಲ್ಲಿ ಮೇಷ್ಟ್ರು ಮತ್ತೆ ಧರ್ಮಸ್ಥಳಕ್ಕೆ ಹೋಗಿ ಬಂದರು. ವಾಪಸ್ ಬಂದ ಮಾರನೇ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೇರ ಗ್ಯಾರೇಜಿಗೆ ಬಂದು ನೋಟ್‌ಬುಕ್ ತೆರೆದು ಮುಂದಿಟ್ಟರು. ಆ ಸಾಲಿನಲ್ಲಿ ಹೀಗಿತ್ತು: "ಚಾರ್ಮಾಡಿ ಏರು, ನಾಲ್ಕು ಜನ, ಮುಳ್ಳು ಅರ್ಧಕ್ಕಿಂತ ಕೆಳಗೆ. ನೀರು: 0."